ಗಾಡಿಯ ಮುಂದಿನ ನಂಬರ್ ಪ್ಲೇಟ್: ಗಡಿ ಭಾಗದಲ್ಲಿ ಅದರ ಬೆಲೆ ಎಷ್ಟು?

ಅಕ್ಕಲಕೋಟೆ: ಗುರುವಾರ ಬಂತೆಂದರೆ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಗಾಡಿಗಳು ಅಕ್ಕಲಕೋಟೆಯಲ್ಲಿ ಸಾಲುಗಟ್ಟುತ್ತವೆ. ಸೊಲ್ಲಾಪುರದ ಎಂಎಚ್-13, ವಿಜಯಪುರದ ಕೆಎ-28, ಕಲಬುರಗಿಯ ಕೆಎ-32 ಎಲ್ಲವೂ ಅಕ್ಕಪಕ್ಕದಲ್ಲೇ ನಿಲ್ಲುತ್ತವೆ. ಇಂಥ ಸಾಲಿನ ಮುಂದೆ ಒಮ್ಮೆ ನಡೆದುಕೊಂಡು ಹೋದರೆ ಒಂದು ಮಾತು ಕಣ್ಣಿಗೆ ಬೀಳುತ್ತದೆ. ಒಂದು ಜೀಪಿನ ನಂಬರ್ ಕಬ್ಬಿಣದ ಗಾರ್ಡಿನ ಹಿಂದೆ ಅಡಗಿರುತ್ತದೆ. ಒಂದು ಕಾರಿನ ಪ್ಲೇಟ್ ಬಂಪರ್ ಬಿಟ್ಟು ಗಾಜಿನ ಒಳಗೆ ಕುಳಿತಿರುತ್ತದೆ. ಇನ್ನೊಂದರ ಮೇಲೆ ಹೂವಿನ ಹಾರ ಇಳಿಬಿದ್ದಿರುತ್ತದೆ. ಮೋಟಾರ್ ಸೈಕಲ್‌ಗಳ ಕಥೆಯಂತೂ ಕೇಳುವುದೇ ಬೇಡ.

ಹಿಂದೆ ನಂಬರ್ ಇದೆಯಲ್ಲ, ಮುಂದೆ ಇಲ್ಲದಿದ್ದರೆ ಏನಾಯಿತು ಎಂದು ಕೇಳುವವರಿದ್ದಾರೆ. ಸಿಕ್ಕಿಬಿದ್ದರೆ ದಂಡ ಕಟ್ಟಿದರಾಯಿತು ಎನ್ನುವವರೂ ಇದ್ದಾರೆ. ಆದರೆ ಇದು ದಂಡದಲ್ಲಿ ಮುಗಿಯುವ ಮಾತಲ್ಲ. ಅಪಘಾತವಾದ ದಿನ ಆ ಪ್ಲೇಟ್ ಕಾಣುತ್ತಿತ್ತೋ ಇಲ್ಲವೋ ಎಂಬುದರ ಮೇಲೆ ಒಂದು ಮನೆಯ ಮುಂದಿನ ಬದುಕೇ ನಿಲ್ಲಬಹುದು.

ನಿಯಮ ಏನು ಹೇಳುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 50 ಮತ್ತು 51ನೇ ನಿಯಮಗಳು ಈ ವಿಷಯಕ್ಕೆ ಸಂಬಂಧಿಸಿವೆ. ಇವು ಕೇಂದ್ರದ ನಿಯಮಗಳಾದ್ದರಿಂದ ಭೀಮೆಯ ಆಚೆಗೂ ಈಚೆಗೂ ಒಂದೇ. ನೋಂದಣಿ ಸಂಖ್ಯೆ ಗಾಡಿಯ ಮುಂದೆ ಮತ್ತು ಹಿಂದೆ ಎರಡೂ ಕಡೆ ಸ್ಪಷ್ಟವಾಗಿ, ಓದಲು ಬರುವಂತೆ ಇರಬೇಕು. ಕಾರಿನ ಪ್ಲೇಟ್ 500×120 ಅಥವಾ 340×200 ಮಿಲಿಮೀಟರ್ ಅಳತೆಯದು. ಅದರ ಅಕ್ಷರ, ಅಂಕಿಗಳು 65 ಮಿ.ಮೀ. ಎತ್ತರ, 10 ಮಿ.ಮೀ. ದಪ್ಪ, ನಡುವೆ 10 ಮಿ.ಮೀ. ಅಂತರ ಹೊಂದಿರಬೇಕು. ಮೋಟಾರ್ ಸೈಕಲ್‌ಗೆ ಮುಂದಿನ ಅಕ್ಷರಗಳು 30 ಮಿ.ಮೀ. ಎತ್ತರ ಇದ್ದರೆ ಸಾಕು.

ಖಾಸಗಿ ಗಾಡಿಗೆ ಬಿಳಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ, ಬಾಡಿಗೆ ಗಾಡಿಗೆ ಹಳದಿಯ ಮೇಲೆ ಕಪ್ಪು ಎಂಬುದು ಎಲ್ಲರಿಗೂ ಗೊತ್ತು. ಪ್ಲೇಟನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟುಕೊಂಡು ಓಡಾಡಬಹುದು ಎಂದು ಮಾತ್ರ ನಿಯಮದಲ್ಲಿ ಎಲ್ಲೂ ಇಲ್ಲ. ಕಾರಿನ ಮುಂದಿನ ಗಾಜಿಗೆ ಅಂಟಿಸಬೇಕಾದದ್ದು ಪ್ಲೇಟ್ ಅಲ್ಲ, ಮೂರನೇ ಗುರುತು ಎನ್ನುವ ಸಣ್ಣ ಸ್ಟಿಕ್ಕರ್. ಇನ್ನು ಮುಂದಿನ ಕಬ್ಬಿಣದ ಗಾರ್ಡ್. ಇದರ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಎಲ್ಲ ರಾಜ್ಯಗಳಿಗೆ ಬರೆದಿದೆ.

ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ

ಗಡಿ ಭಾಗದಲ್ಲಿ ಇನ್ನೊಂದು ತೊಡಕು ಭಾಷೆಯದು. ಕೆಲವರು ದೇವನಾಗರಿ ಅಂಕಿ ಬರೆಸುತ್ತಾರೆ, ಕೆಲವರು ಕನ್ನಡ ಅಂಕಿ ಬರೆಸುತ್ತಾರೆ. ಇಬ್ಬರದೂ ಅಭಿಮಾನವೇ, ಅದನ್ನು ತಪ್ಪೆನ್ನಲು ಬಾರದು. ಆದರೆ ನಿಯಮದ ಪ್ರಕಾರ ಅಕ್ಷರ ಇಂಗ್ಲಿಷಿನವು, ಅಂಕಿ 1, 2, 3 ಎಂದು ಎಲ್ಲೆಡೆ ಬಳಸುವಂಥವು ಇರಬೇಕು. 8055 ಅನ್ನು 'ಬಾಸ್' ಎಂದೂ, 214 ಅನ್ನು ದೇವನಾಗರಿಯ 'ರಾಮ' ಎಂದೂ ಓದಿಸುವ ರೇಡಿಯಂ ಅಂಗಡಿಯ ಕೈಚಳಕಕ್ಕೂ ಇಲ್ಲಿ ಜಾಗವಿಲ್ಲ.

ಇದಕ್ಕೆ ಕಾರಣವೂ ಇದೆ. ಅಕ್ಕಲಕೋಟೆಯ ಗಾಡಿ ಅಫಜಲಪುರಕ್ಕೆ ಹೋದಂತೆ ತಿರುಪತಿಗೂ ಹೋಗುತ್ತದೆ, ಸೂರತ್ತಿಗೂ ಹೋಗುತ್ತದೆ. ಅಲ್ಲಿಯ ಪೊಲೀಸನಿಗೆ, ದಾರಿಹೋಕನಿಗೆ, ರಸ್ತೆಯ ಕ್ಯಾಮೆರಾಕ್ಕೆ ಅದನ್ನು ಓದಲು ಬರಬೇಕು. ಭಾಷೆಯ ಅಭಿಮಾನ ತೋರಿಸಲು ಮನೆಯ ಬಾಗಿಲಿದೆ, ಅಂಗಡಿಯ ಬೋರ್ಡಿದೆ, ಮಕ್ಕಳ ಶಾಲೆಯಿದೆ.

ನಂಬರ್ ಸಿಗದಿದ್ದರೆ ಏನಾಗುತ್ತದೆ?

ಈಗ ಮುಖ್ಯ ಮಾತಿಗೆ ಬರೋಣ. ದುಧನಿ, ಮೈಂದರ್ಗಿ, ವಾಗ್ದರಿ ಕಡೆಯ ಜನ ದಿನವೂ ಗಡಿ ದಾಟುತ್ತಾರೆ. ಸಂಜೆ ಹೊತ್ತಿನಲ್ಲಿ ಇಂಥ ಊರಿನವನೊಬ್ಬನಿಗೆ ಆಚೆ ಕಡೆ ಒಂದು ಕಾರು ಎದುರಿನಿಂದ ಬಂದು ಬಡಿಯಿತು ಎಂದುಕೊಳ್ಳಿ. ಬಿದ್ದವನಿಗೂ, ಜೊತೆಗಿದ್ದವರಿಗೂ ಮೊದಲು ಕಂಡದ್ದು ಕಾರಿನ ಮುಖ. ಅದು ಓಡಿಹೋಗುವಾಗ ಹಿಂದಿನ ನಂಬರ್ ಧೂಳಿನಲ್ಲಿ ಮುಳುಗಿರುತ್ತದೆ. ಪೆಟ್ರೋಲ್ ಪಂಪಿನ ಕ್ಯಾಮೆರಾದಲ್ಲಿ ಸಿಕ್ಕರೂ ಅನೇಕ ಸಲ ಸಿಗುವುದು ಅದೇ ಮುಖ. ಅಲ್ಲಿ ಪ್ಲೇಟ್ ಇಲ್ಲದಿದ್ದರೆ ಆ ಗಾಡಿಗೆ ಗುರುತೇ ಇಲ್ಲ.

ಗಾಡಿ ಪತ್ತೆಯಾಗದ ಇಂಥ ಪ್ರಕರಣಗಳಿಗೆ ಸರಕಾರದ ಪರಿಹಾರ ಯೋಜನೆಯೊಂದಿದೆ. 2022ರ ಏಪ್ರಿಲ್ 1ರಿಂದ ಜಾರಿಯಾದ ಈ ಯೋಜನೆಯಲ್ಲಿ ಸತ್ತವರ ಕುಟುಂಬಕ್ಕೆ 2 ಲಕ್ಷ ರೂಪಾಯಿ, ತೀವ್ರ ಗಾಯವಾದವರಿಗೆ 50 ಸಾವಿರ ರೂಪಾಯಿ ಸಿಗುತ್ತದೆ. ಮೊದಲು ಇದು 25 ಸಾವಿರ ಮತ್ತು 12,500 ಇತ್ತು. ಸತ್ತವನು ತಿಂಗಳಿಗೆ ಎಷ್ಟು ದುಡಿಯುತ್ತಿದ್ದ, ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದನ್ನು ಇಲ್ಲಿ ಯಾರೂ ಕೇಳುವುದಿಲ್ಲ.

ನಂಬರ್ ಸಿಕ್ಕರೆ ದಾರಿಯೇ ಬೇರೆ. ಗಾಡಿಯ ವಿಮಾ ಕಂಪನಿಯ ಮೇಲೆ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ದಾವೆ ಹಾಕಬಹುದು. ಅಲ್ಲಿ ಸತ್ತವನ ವಯಸ್ಸು, ದುಡಿಮೆ, ಅವನನ್ನು ನಂಬಿದವರ ಲೆಕ್ಕ ಹಿಡಿದು ಪರಿಹಾರ ಗೊತ್ತುಮಾಡುತ್ತಾರೆ.

ಗಡಿಯವರು ಮರೆಯಬಾರದ ಇನ್ನೊಂದು ಅಂಶವಿದೆ. ಮೋಟಾರು ವಾಹನ ಕಾಯಿದೆಯ 166ನೇ ಕಲಮಿನಂತೆ ದಾವೆಯನ್ನು ಅಪಘಾತ ನಡೆದ ಕಡೆಯೇ ಹಾಕಬೇಕೆಂದಿಲ್ಲ, ದಾವೆ ಹಾಕುವವರು ವಾಸಿಸುವ ಜಿಲ್ಲೆಯಲ್ಲೂ ಹಾಕಬಹುದು. ಅಂದರೆ ಅಪಘಾತ ಇಂಡಿಯ ಹತ್ತಿರ ಆಗಿದ್ದರೂ ಅಕ್ಕಲಕೋಟೆಯ ಕುಟುಂಬ ಸೊಲ್ಲಾಪುರ ಜಿಲ್ಲೆಯಲ್ಲೇ ನ್ಯಾಯ ಕೇಳಬಹುದು. ಗಾಡಿ ಪತ್ತೆಯಾಗದಿದ್ದರೆ ಮಾತ್ರ ಅಪಘಾತ ನಡೆದ ತಾಲೂಕಿನ ಅಧಿಕಾರಿಗೇ ಅರ್ಜಿ ಕೊಡಬೇಕು. ನದಿ ದಾಟಿ, ಬೇರೆ ರಾಜ್ಯದ ಕಚೇರಿಗೆ ಓಡಾಡುವುದು ಕೂಲಿ ಮನೆಯವರಿಗೆ ಎಷ್ಟು ಕಷ್ಟ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಗಲಾಟೆಯ ದಿನಗಳ ಭಯ

ಗಡಿ ವಿವಾದ ಕಾವೇರಿದ ದಿನಗಳಲ್ಲಿ ಮುಂದಿನ ಪ್ಲೇಟೇ ಭಯಕ್ಕೆ ಕಾರಣವಾಗುವುದೂ ನಿಜ. 2022ರ ಡಿಸೆಂಬರಿನಲ್ಲಿ ಬೆಳಗಾವಿ ಹತ್ತಿರದ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು. ಅತ್ತ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಕಲ್ಲು ಹೊಡೆಯುವವನು ನೋಡುವುದು ಎಂಎಚ್ ಇದೆಯೋ ಕೆಎ ಇದೆಯೋ ಎಂಬುದನ್ನಷ್ಟೇ, ಒಳಗೆ ಕುಳಿತವರು ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ ಎಂಬುದನ್ನಲ್ಲ. ಹಾಗೆಂದು ಪ್ಲೇಟಿಗೆ ಬಟ್ಟೆ ಕಟ್ಟಿಕೊಂಡು ಹೋಗಲು ಕಾನೂನು ಬಿಡುವುದಿಲ್ಲ. ಅಂಥ ದಿನ ಪ್ರಯಾಣ ಮುಂದೂಡುವುದೇ ಲೇಸು. ಗಾಡಿಗಳಿಗೆ ರಕ್ಷಣೆ ಕೊಡುವುದು ಎರಡೂ ಸರಕಾರಗಳ ಹೊಣೆ.

ಹೊಸ ಪ್ಲೇಟ್, ಹಳೆಯ ಚಾಳಿ

2019ರ ಏಪ್ರಿಲ್ 1ರ ನಂತರ ತಯಾರಾದ ಗಾಡಿಗಳಿಗೆ ಅತಿ ಸುರಕ್ಷಿತ ಪ್ಲೇಟ್ ಕಂಪನಿಯಿಂದಲೇ ಬರುತ್ತದೆ. ಅಲ್ಯುಮಿನಿಯಂ ತಗಡು, ಅಶೋಕ ಚಕ್ರದ ಹೊಲೊಗ್ರಾಂ, ಲೇಸರಿನಲ್ಲಿ ಕೊರೆದ ಸಂಖ್ಯೆ, ಒಮ್ಮೆ ಕೂಡಿಸಿದರೆ ಮುರಿಯದೆ ತೆಗೆಯಲಾಗದ ಲಾಕ್ ಇದರ ಗುರುತು. ಹಳೆಯ ಗಾಡಿಗಳಿಗೂ ಇದನ್ನು ಹಾಕಿಸಲು ಕರ್ನಾಟಕ ಕೊಟ್ಟ ಮೊದಲ ಗಡುವು 2023ರ ನವೆಂಬರ್ 17, ಮಹಾರಾಷ್ಟ್ರ ಕೊಟ್ಟದ್ದು 2025ರ ಮಾರ್ಚ್ 31. ಎರಡೂ ಕಡೆ ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ಮಹಾರಾಷ್ಟ್ರ ಗೊತ್ತುಮಾಡಿದ ದರ ಜಿಎಸ್‌ಟಿ ಬಿಟ್ಟು ದ್ವಿಚಕ್ರಕ್ಕೆ 450, ತ್ರಿಚಕ್ರಕ್ಕೆ 500, ಕಾರಿಗೆ 745 ರೂಪಾಯಿ. ಹೊಟ್ಟೆಪಾಡಿಗೆ ಗಾಡಿ ಇಟ್ಟವನಿಗೆ ಇದು ಸಣ್ಣ ಮೊತ್ತವೇನಲ್ಲ. ಆದರೆ ಇಷ್ಟು ಕೊಟ್ಟು ಹಾಕಿಸಿದ ಪ್ಲೇಟನ್ನು ಗಾರ್ಡಿನ ಹಿಂದೆ ಅಡಗಿಸಿದರೆ ಬಂದ ಲಾಭವೇನು?

ಇದರ ಜೊತೆಗೆ 'ಪಾಸಿಂಗ್' ಪ್ರಶ್ನೆಯೂ ಇದೆ. ಆಚೆಯ ಊರಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು ಕೆಎ ಪಾಸಿಂಗ್ ಮೇಲೆಯೇ ವರ್ಷಗಟ್ಟಲೆ ಓಡಿಸುವವರು ಕಡಿಮೆಯಿಲ್ಲ. ಕಾಯಿದೆಯ 47ನೇ ಕಲಮಿನಂತೆ ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಅಲ್ಲಿಯ ಹೊಸ ನಂಬರ್‌ಗೆ ಅರ್ಜಿ ಹಾಕಬೇಕು. ಹಳೆಯ ಮಾಲೀಕನ ಹೆಸರಲ್ಲೇ ಗಾಡಿ ಉಳಿದರೆ, ಪ್ಲೇಟ್ ಸರಿಯಾಗಿ ಕಂಡರೂ ಅಪಘಾತವಾದ ದಿನ ಪೊಲೀಸರು ಹೋಗುವುದು ಎಂದೋ ಗಾಡಿ ಮಾರಿದವನ ಮನೆಗೆ.

ಹತ್ತು ಹೆಜ್ಜೆ ದೂರ ನಿಂತು ತನ್ನ ಗಾಡಿಯ ಮುಖವನ್ನು ತಾನೇ ನೋಡಿಕೊಳ್ಳುವುದು ಕಷ್ಟದ ಕೆಲಸವಲ್ಲ. ಕೆಸರು ಒರೆಸಬೇಕು, ಹಾರವನ್ನು ಪ್ಲೇಟಿನಿಂದ ಮೇಲೆ ಕಟ್ಟಬೇಕು, ಗಾರ್ಡ್ ಬಿಚ್ಚಿಸಬೇಕು. ಇಂದು ತನ್ನ ನಂಬರ್ ಮರೆಮಾಡಿ ಓಡಾಡುವವನ ಮನೆಯವರೇ ನಾಳೆ ಇನ್ನೊಬ್ಬನ ಗಾಡಿಯ ನಂಬರ್ ಹುಡುಕುತ್ತಾ ರಸ್ತೆಯಲ್ಲಿ ನಿಲ್ಲಬೇಕಾದೀತು.