ಸ್ವಲೀನತೆಯೂ ದಾಂಪತ್ಯವೂ

ಕೆಲವು ಹೆಸರುಗಳು ವಸ್ತುವನ್ನು ತೋರಿಸುವುದಕ್ಕೆ ಬದಲಾಗಿ ಅದನ್ನು ಮರೆಮಾಡುತ್ತವೆ. ಆಟಿಸಂ ಎಂಬ ಹೆಸರು ಅಂಥದು. ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಅವರು 1911ರ ತಮ್ಮ ಗ್ರಂಥದಲ್ಲಿ ಈ ಶಬ್ದವನ್ನು ಬಳಸಿದರು. 'ತಾನು' ಎಂಬರ್ಥದ ಗ್ರೀಕ್ ಪದ 'ಆಟೋಸ್' ಅದರ ಮೂಲ. ಆಗ ಅವರ ಲಕ್ಷ್ಯದಲ್ಲಿದ್ದುದು ಸ್ಕಿಜೋಫ್ರೀನಿಯ ಎಂಬ ಬೇರೊಂದು ವ್ಯಾಧಿಯ ಲಕ್ಷಣ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೊ ಕ್ಯಾನರ್ ಅವರು 11 ಮಕ್ಕಳ ನಡವಳಿಕೆಯನ್ನು ವರ್ಣಿಸುವಾಗ ಅದೇ ಶಬ್ದವನ್ನು ಹೊಸ ಅರ್ಥದಲ್ಲಿ ಉಪಯೋಗಿಸಿದರು. ಕನ್ನಡದಲ್ಲಿ ನಾವು ಅದನ್ನು 'ಸ್ವಲೀನತೆ' ಎಂದು ಕರೆಯುತ್ತೇವೆ. ತನ್ನಲ್ಲಿಯೇ ಲೀನನಾದವನಿಗೆ ಇನ್ನೊಬ್ಬರ ಮೇಲೆ ಒಲವು ಎಲ್ಲಿಂದ ಬಂದೀತು ಎಂದು, ಹೆಸರನ್ನು ಕೇಳಿದೊಡನೆಯೇ ನಾವು ಊಹಿಸಿಬಿಡುತ್ತೇವೆ. ಈ ಊಹೆ ತಪ್ಪೆಂದೂ, ಇದರಿಂದ ಪ್ರೀತಿಯುಳ್ಳ ಮನೆಗಳಲ್ಲಿಯೂ ವೃಥಾ ದುಃಖ ಉಂಟಾಗುವುದೆಂದೂ ನಮ್ಮ ಅಭಿಪ್ರಾಯ.

ಸ್ವಲೀನತೆ ಅಂಟುರೋಗವಲ್ಲ, ವಾಸಿಯಾಗಿ ಹೋಗುವ ಬಾಲವ್ಯಾಧಿಯೂ ಅಲ್ಲ. ಮೆದುಳು ಬೆಳೆಯುವ ಬಗೆಯಲ್ಲಿಯೇ ಇರುವ ಒಂದು ಭೇದ ಅದು. ಸ್ವಲೀನ ಮಕ್ಕಳು ಬೆಳೆದು ಸ್ವಲೀನ ಸ್ತ್ರೀಪುರುಷರಾಗುತ್ತಾರೆ. ಅವರಲ್ಲಿ ಎಲ್ಲರೂ ಒಂದೇ ಅಚ್ಚಿನವರಲ್ಲ. ನಿತ್ಯದ ಕೆಲಸಗಳಿಗೂ ನೆರವು ಬೇಕಾದವರು ಕೆಲವರು. ಓದಿ, ಉದ್ಯೋಗ ಹಿಡಿದು, ಮದುವೆಯಾಗಿ ಸಂಸಾರ ನಡೆಸುವವರು ಕೆಲವರು. ಈ ಎರಡನೆಯವರಲ್ಲಿ ಅನೇಕರಿಗೆ ತಮ್ಮ ಸ್ವಭಾವಕ್ಕೆ ಒಂದು ಹೆಸರಿದೆಯೆಂಬುದು ನಡುವಯಸ್ಸಿನಲ್ಲಿ ತಿಳಿಯುವುದುಂಟು. ಅಷ್ಟರಲ್ಲಿ 'ಕಲ್ಲು ಮನಸ್ಸಿನವನು', 'ಬಿಗುಮಾನದವಳು' ಎಂಬ ಬಿರುದುಗಳು ಮನೆಯಲ್ಲಿ ನಿಂತುಬಿಟ್ಟಿರುತ್ತವೆ.

ಮೊದಲು ಸ್ಪರ್ಶದ ವಿಷಯವನ್ನು ನೋಡೋಣ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಪರಿಷ್ಕರಿಸಿದ ಲಕ್ಷಣಪಟ್ಟಿಯಲ್ಲಿ, ಇಂದ್ರಿಯಗಳು ಮಿತಿಮೀರಿ ಚುರುಕಾಗಿರುವುದು ಅಥವಾ ಮಂದವಾಗಿರುವುದು ಕೂಡ ಸೇರಿತು. ಕುಕ್ಕರಿನ ಶಿಳ್ಳು ಒಬ್ಬರಿಗೆ ಬರಿಯ ಸದ್ದು. ಇನ್ನೊಬ್ಬರಿಗೆ ಕಿವಿಗೆ ಚುಚ್ಚಿದ ಸೂಜಿ. ಚರ್ಮದ ಮಾತೂ ಹೀಗೆಯೇ. ಪಶುವಿಜ್ಞಾನಿ ಟೆಂಪಲ್ ಗ್ರಾಂಡಿನ್ ಅವರು ಸ್ವತಃ ಸ್ವಲೀನರು. ಹದಿಹರೆಯದಲ್ಲಿ ಚಿಕ್ಕಮ್ಮನ ದನದ ಫಾರಂನಲ್ಲಿ ಅವರು ಒಂದು ನೋಟ ಕಂಡರು: ಚುಚ್ಚುಮದ್ದಿಗಾಗಿ ಹಲಗೆಗಳ ನಡುವೆ ಒತ್ತಿ ಹಿಡಿದಾಗ ಕೆಲವು ದನಗಳು ಶಾಂತವಾಗುತ್ತಿದ್ದವು. ಅದನ್ನು ನೋಡಿ ಅವರು ತಮಗಾಗಿಯೇ ಒಂದು ಒತ್ತುಯಂತ್ರವನ್ನು ಮಾಡಿಕೊಂಡರು. ಅಪ್ಪುಗೆಯನ್ನು ಸಹಿಸಲಾರದ ಆಕೆಗೆ ಆ ಒತ್ತಡ ನೆಮ್ಮದಿ ಕೊಟ್ಟಿತು. ಏಕೆಂದರೆ ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬುದು ಆಕೆಯ ಕೈಯಲ್ಲಿಯೇ ಇತ್ತು. ಗ್ರಾಂಡಿನ್ ಮದುವೆಯಾಗಲಿಲ್ಲ, ಆದರೂ ಆಕೆಯ ಅನುಭವದಲ್ಲಿ ದಂಪತಿಗಳಿಗೆ ಪಾಠವುಂಟು. ಹೇಳದೆ ಕೇಳದೆ ಸೋಕಿದ ಕೈಯಿಂದ ಹೆಂಡತಿ ಸರಿದರೆ, ಅದು ಚರ್ಮದ ಉತ್ತರವಾಗಿರಬಹುದು. ಹೃದಯದ ಉತ್ತರವೆಂದು ಗಂಡ ಓದಬೇಕಾಗಿಲ್ಲ.

ಇನ್ನು ಮಾತಿನ ವಿಷಯ. ತನ್ನೊಳಗಿನ ಭಾವವನ್ನು ಗುರುತಿಸಿ ಅದಕ್ಕೆ ಮಾತು ಕೊಡಲಾಗದ ಸ್ಥಿತಿಗೆ ಪೀಟರ್ ಸಿಫ್ನಿಯೋಸ್ ಅವರು 1970ರ ದಶಕದಲ್ಲಿ 'ಅಲೆಕ್ಸಿಥೈಮಿಯ' ಎಂದು ಹೆಸರಿಟ್ಟರು. ಇದು ಸ್ವಲೀನತೆಯೇ ಅಲ್ಲ. ಆದರೆ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಂತೆ, ಸ್ವಲೀನರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿಯೂ ಇತರರಲ್ಲಿ ನೂರಕ್ಕೆ ಸುಮಾರು 5 ಜನರಲ್ಲಿಯೂ ಇದು ಕಂಡುಬರುತ್ತದೆ. 'ಏನಾಯಿತು?' ಎಂದು ಕೇಳಿದರೆ ಅಂಥವರು 'ಏನಿಲ್ಲ' ಎನ್ನುತ್ತಾರೆ. ಅದು ಸುಳ್ಳೂ ಅಲ್ಲ, ಉದಾಸೀನವೂ ಅಲ್ಲ. ಭಾವವುಂಟು, ಪದ ಸಿಕ್ಕಿಲ್ಲ; ಅಷ್ಟೆ.

ಹಾಗಾದರೆ ತಿದ್ದಿಕೊಳ್ಳಬೇಕಾದವರು ಸ್ವಲೀನರು ಮಾತ್ರವೆ? 2012ರಲ್ಲಿ ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್ ಎಂಬ ಸ್ವಲೀನ ವಿದ್ವಾಂಸರು ಈ ಪ್ರಶ್ನೆಯನ್ನು ತಿರುಗಿಸಿ ಕೇಳಿದರು. ಸ್ವಲೀನರಿಗೆ ಇತರರ ಮನಸ್ಸು ತಿಳಿಯದೆಂಬುದು ನಿಜವಾದರೆ, ಇತರರಿಗೆ ಸ್ವಲೀನರ ಮನಸ್ಸು ತಿಳಿಯದೆಂಬುದೂ ಅಷ್ಟೇ ನಿಜ. ಧಾರವಾಡದವರ ಮಾತು ಮೈಸೂರಿನವರಿಗೆ ಒರಟಾಗಿ ಕೇಳಿಸಿದರೆ ದೋಷ ನಾಲಗೆಯದೊ ಕಿವಿಯದೊ? 2020ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಸಂಶೋಧಕರು ಒಂದು ಕಥೆಯನ್ನು ಬಾಯಿಂದ ಬಾಯಿಗೆ ಸಾಗಿಸಿ ನೋಡಿದರು. ಸ್ವಲೀನರ ಸಾಲಿನಲ್ಲಿ ಕಥೆ ಇತರರ ಸಾಲಿನಲ್ಲಿ ಉಳಿದಷ್ಟೇ ಚೆನ್ನಾಗಿ ಉಳಿಯಿತು. ಇಬ್ಬರೂ ಬೆರೆತ ಸಾಲಿನಲ್ಲಿ ಹೆಚ್ಚು ಸೋರಿಹೋಯಿತು. 2025ರಲ್ಲಿ 300ಕ್ಕೂ ಹೆಚ್ಚು ಜನರೊಡನೆ ನಡೆಸಿದ ದೊಡ್ಡ ಪರೀಕ್ಷೆಯಲ್ಲಿ ಬೆರೆತ ಸಾಲೂ ಇತರ ಸಾಲುಗಳಿಗೆ ಸಮನಾಗಿಯೇ ನಡೆಯಿತು. ಮೊದಲನೆಯ ಫಲಿತಾಂಶವನ್ನು ಕೊನೆಯ ಮಾತೆಂದು ಹಿಡಿಯಬಾರದೆಂಬುದು ಇದರಿಂದ ಸ್ಪಷ್ಟ. ಆದರೆ ಎರಡರಲ್ಲಿಯೂ ಒಂದು ಅಂಶ ಸಮಾನ: ಸ್ವಲೀನರು ಸಂವಹನದಲ್ಲಿ ಹಿಂದೆ ಬೀಳಲಿಲ್ಲ. ಇಬ್ಬರ ನಡುವೆ ಗೋಡೆಯಿದ್ದರೂ ಅದು ದಾಟಬಾರದ ಗೋಡೆಯಲ್ಲ.

ದಾಟಿದವರ ಉದಾಹರಣೆಯೂ ಉಂಟು. ಅಮೆರಿಕದ ಡೇವಿಡ್ ಫಿಂಚ್ ಎಂಬ ಲೇಖಕರು ಮದುವೆಯಾಗಿ ಕೆಲವು ವರ್ಷಗಳಾದ ಮೇಲೆ ತಾವು ಸ್ವಲೀನರೆಂದು ಅರಿತರು. ಅದನ್ನು ಮೊದಲು ಗುರುತಿಸಿದವರು ಮಾತಿನ ಚಿಕಿತ್ಸಕಿಯಾದ ಅವರ ಪತ್ನಿ. ಹೆಂಡತಿಗೆ ಏನು ನೋವು, ಏನು ಹಿತ ಎಂಬುದನ್ನು ಫಿಂಚ್ ಪಾಠದಂತೆ ಬರೆದಿಟ್ಟುಕೊಂಡು ಅಭ್ಯಾಸ ಮಾಡಿದರು. ಆ ಕಥನ 2012ರಲ್ಲಿ ಪುಸ್ತಕವಾಗಿ ಬಂದಿತು. ಬರೆದು ಕಲಿಯುವ ಪ್ರೀತಿ ಕೃತಕವಲ್ಲವೆ ಎಂದು ತರುಣ ವಾಚಕರು ಕೇಳಬಹುದು. ಕಲಿತ ಸಂಗೀತ ಕೃತಕವೆಂದು ಯಾರೂ ಹೇಳುವುದಿಲ್ಲ. ಸಹಜವಾಗಿ ಬಾರದುದನ್ನು ಇನ್ನೊಬ್ಬರಿಗಾಗಿ ಶ್ರಮಪಟ್ಟು ಕಲಿಯುವುದು ಒಲವಿನ ಕೊರತೆಯಲ್ಲ, ಒಲವಿನ ಪ್ರಮಾಣ.

ಇದರ ಇನ್ನೊಂದು ಮುಖವನ್ನು ಮುಚ್ಚಿಡುವುದು ಸಲ್ಲದು. ಸ್ವಲೀನರಲ್ಲದ ಸಂಗಾತಿಯ ಒಂಟಿತನ ಕಲ್ಪಿತವಲ್ಲ. ಒಂದು ಸಾಂತ್ವನದ ಮಾತಿಗಾಗಿ ವರ್ಷಗಟ್ಟಲೆ ಕಾದವರ ನೋವನ್ನು ವಿಜ್ಞಾನದ ಹೆಸರಿನಲ್ಲಿ ತಳ್ಳಿಹಾಕುವುದು ಮತ್ತೊಂದು ಬಗೆಯ ಕ್ರೌರ್ಯ. ಸ್ವಲೀನತೆ ಎಂಬ ಹೆಸರು ಬೈಗುಳಕ್ಕೂ ಹೊಡೆತಕ್ಕೂ ಪರವಾನಗಿಯಲ್ಲ. ಬೇಕಾದುದನ್ನು ಸೂಚನೆಯಿಂದಲ್ಲ, ಬಾಯಿಬಿಟ್ಟು ಕೇಳುವ ಶ್ರಮ ಒಬ್ಬರದು; ಕೇಳಿದುದಕ್ಕೆ ಕಿವಿಗೊಟ್ಟು ನಡೆಯುವ ಶ್ರಮ ಇನ್ನೊಬ್ಬರದು. ಒಂದೇ ಹೆಗಲ ಮೇಲೆ ಹೊರೆ ಬಿದ್ದರೆ ಗಾಡಿ ಸಾಗದು.

ನಮ್ಮ ನಾಡಿನಲ್ಲಿ ತೊಡಕು ಮದುವೆಗೆ ಮುಂಚೆಯೇ ಆರಂಭವಾಗುತ್ತದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಹಿರಿಯರು ನಗುತ್ತ ಹೇಳುತ್ತಾರೆ. ಮಗನ ಅಥವಾ ಮಗಳ ಸ್ವಲೀನತೆಯನ್ನು ಬೀಗರಿಂದ ಮುಚ್ಚಿಟ್ಟು, 'ಮದುವೆಯಾದರೆ ಎಲ್ಲ ಸರಿಹೋಗುತ್ತದೆ' ಎಂದು ತಾಳಿ ಕಟ್ಟಿಸುವುದು ಇದೇ ಗಾದೆಯ ಫಲ. ಮದುವೆ ಮೆದುಳಿನ ರಚನೆಯನ್ನು ಬದಲಿಸಲಾರದು. ಮುಚ್ಚಿಟ್ಟಾಗ ಇಬ್ಬರಿಗೂ ಅನ್ಯಾಯ: ಒಬ್ಬರು ಮೋಸಹೋದೆನೆಂದು ಕೊರಗುತ್ತಾರೆ, ಇನ್ನೊಬ್ಬರು ತಮ್ಮದಲ್ಲದ ವೇಷವನ್ನು ಹಗಲಿರುಳೂ ತೊಟ್ಟು ಬಳಲುತ್ತಾರೆ. ನಮ್ಮ ದೇಶದ ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಸ್ವಲೀನತೆಯನ್ನು ಹೆಸರಿಸಿ ಮಾನ್ಯಮಾಡಿದೆ. ಕಾಯಿದೆ ಒಪ್ಪಿದುದನ್ನು ಹಜಾರದಲ್ಲಿ ಕುಳಿತು ಹೇಳಲು ಸಂಕೋಚವೇಕೆ?

ಓದುತ್ತಿರುವ ತರುಣ ತರುಣಿಯರಿಗೆ ನಮ್ಮ ಮಾತು ಇಷ್ಟೆ. ನಾಳೆ ನಿಮ್ಮಲ್ಲಿ ಕೆಲವರು ಸ್ವಲೀನರ ಕೈಹಿಡಿಯುವಿರಿ. ಕೆಲವರು ಸ್ವತಃ ಸ್ವಲೀನರೇ ಇರುವಿರಿ. ಕಣ್ಣಲ್ಲಿ ಕಣ್ಣಿಟ್ಟು ನೋಡದವರು ಪ್ರೀತಿಸಲಾರರೆಂದು ತೀರ್ಮಾನಿಸುವ ಮುನ್ನ, ಅವರು ಪ್ರೀತಿಯನ್ನು ಬೇರೆ ಯಾವ ರೀತಿಯಲ್ಲಿ ತೋರುತ್ತಿದ್ದಾರೆಂದು ನೋಡಿರಿ. ಪ್ರತಿದಿನ ತಪ್ಪದೆ ಅದೇ ಹೊತ್ತಿಗೆ ಎದುರಿಗೆ ಬಂದ ಕಾಫಿಯ ಲೋಟವೂ ಒಂದು ಮಾತಾಗಿರಬಹುದು. ತಿಳಿಯದಿದ್ದರೆ ಊಹಿಸಬೇಡಿ, ಕೇಳಿರಿ.