ಕೈಗೆ ಕೆಲಸ ಐತಿ, ಕಿವಿಗೆ ಏನೈತಿ?

ನನ್ನ ತವರು ನಿಪ್ಪಾಣಿ. ಅವ್ವ ಬೀಡಿ ಕಟ್ಟುತ್ತಿದ್ದಳು. ತೊಡೆಯ ಮೇಲೆ ಮೊರ, ಮೊರದಲ್ಲಿ ಎಲೆ, ತಂಬಾಕು, ದಾರ. ತಲೆಯ ಮೇಲಿನ ಗೂಡಿನಲ್ಲಿ ರೇಡಿಯೊ. ಧಾರವಾಡ ಸಿಕ್ಕರೆ ಧಾರವಾಡ, ಸಾಂಗ್ಲಿ ಸಿಕ್ಕರೆ ಸಾಂಗ್ಲಿ. ಕನ್ನಡವೋ ಮರಾಠಿಯೋ ಎಂಬ ತಕರಾರು ನಮ್ಮ ಓಣಿಯ ರೇಡಿಯೊಗೆ ಇರಲಿಲ್ಲ. ಸೆಲ್ಲು ತೀರಿದ ದಿನ ಅವ್ವನ ಕಟ್ಟುಗಳೂ ಕಡಿಮೆ ಬೀಳುತ್ತಿದ್ದವು. ‘ಕೈಗೆ ಕೆಲಸ ಐತಿ, ಕಿವಿಗೆ ಏನೈತಿ?’ ಎಂದು ಗೊಣಗುತ್ತಿದ್ದಳು.

ಮದುವೆಯಾಗಿ ಅಥಣಿಗೆ ಬಂದೆ. ಇಲ್ಲಿ ಬೀಡಿಯ ಜಾಗದಲ್ಲಿ ಚಪ್ಪಲಿ. ಮಾವ, ಗಂಡ ತೊಗಲು ಕೊಯ್ದು ಅಟ್ಟೆ ಹೊಲಿಯುತ್ತಾರೆ. ಅತ್ತೆ ಪಟ್ಟಿ ಹೆಣೆಯುತ್ತಾರೆ. ನಾನು ಬಿ.ಕಾಂ. ಓದಿದವಳೆಂದು ಫೋನು, ಬಿಲ್ಲು, ಪಾರ್ಸೆಲ್ಲು ನನ್ನ ಪಾಲಿಗೆ ಬಂದವು. ಮೊದಮೊದಲು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿ ಮಾರುತ್ತಿದ್ದೆ, ಆಮೇಲೆ ಇನ್‌ಸ್ಟಾಗ್ರಾಂ. ಬೆಂಗಳೂರು, ಪುಣೆ, ಹೈದರಾಬಾದಿನಿಂದ ಬೇಡಿಕೆ ಬಂದವು. ಹೋದಷ್ಟೇ ಉತ್ಸಾಹದಿಂದ ಕೆಲವು ಜೋಡಿ ವಾಪಸ್ಸೂ ಬಂದವು.

ಹೋದ ವರ್ಷ ಬೆಳಗಾವಿಯಲ್ಲಿ ಒಂದು ದಿನದ ತರಬೇತಿಗೆ 2,500 ರೂಪಾಯಿ ಕೊಟ್ಟು ಹೋಗಿದ್ದೆ. ಸಣ್ಣ ಆನ್‌ಲೈನ್ ವ್ಯಾಪಾರ ಬೆಳೆಯಬೇಕಾದರೆ ಪಾಡ್‌ಕಾಸ್ಟ್ ಶುರು ಮಾಡಿ ಎಂದರು. ವಾರಕ್ಕೊಂದು ಕಂತು, ಮುಕ್ಕಾಲು ಗಂಟೆ, ಹೆಸರುವಾಸಿ ಅತಿಥಿ, ಕೊನೆಗೊಂದು ರಿಯಾಯಿತಿ ಕೋಡು. ಹೇಳಿದವರು ಟೈ ಕಟ್ಟಿದ್ದರು, ನಾನು ನಂಬಿದೆ. ಊರಿಗೆ ಬಂದು 1,200 ರೂಪಾಯಿಯ ಕಾಲರ್ ಮೈಕು ತರಿಸಿ, ‘ನಮಸ್ಕಾರ, ಪ್ರಿಯ ಕೇಳುಗರೇ’ ಎಂದು ಆರಂಭಿಸಿ, ನಿವೃತ್ತ ಮಾಸ್ತರರೊಬ್ಬರನ್ನು ಕೂರಿಸಿಕೊಂಡು ಪಾದರಕ್ಷೆಯ ಇತಿಹಾಸದ ಮೇಲೆ 42 ನಿಮಿಷ ಮಾತಾಡಿಸಿದೆ. 19 ಜನ ಕೇಳಿದರು. ಅದರಲ್ಲಿ 7 ಜನ ನಮ್ಮ ಬೀಗರೇ. ಪಟ್ಟಿ ಹೆಣೆಯುತ್ತಲೇ ಕೇಳಿದ ಅತ್ತೆ, ‘ತಂಗಿ, ಇದ ಯಾರ ಮನಿ ಮಾತು? ನಮ್ಮನ್ಯಾಗ ಹಿಂಗ ಯಾರ ಮಾತಾಡ್ತಾರ?’ ಎಂದರು.

ಆ ಪ್ರಶ್ನೆಯನ್ನು ನಾನು 2,500 ರೂಪಾಯಿ ಕೊಡದೆ ಮನೆಯಲ್ಲೇ ಕೇಳಿಸಿಕೊಳ್ಳಬಹುದಿತ್ತು.

ಎರಡನೆಯ ಕಂತಿಗೆ ಅತಿಥಿ ಬೇಕೆನಿಸಲಿಲ್ಲ. ವಾಟ್ಸ್‌ಆ್ಯಪ್ ತೆಗೆದು ಗಿರಾಕಿಗಳು ಏನು ಕೇಳಿದ್ದಾರೆ ಎಂದು ನೋಡಿದೆ. ನೂರಕ್ಕೆ ಅರವತ್ತು ಮಂದಿಯದು ಒಂದೇ ಪ್ರಶ್ನೆ, ‘ಕಾಲು ಕಚ್ಚುತ್ತಾ?’ ಮೈಕನ್ನು ಅತ್ತೆಯ ಸೆರಗಿಗೆ ಸಿಕ್ಕಿಸಿ ಅದನ್ನೇ ಕೇಳಿದೆ. ‘ಕಚ್ಚತೈತಿ. ಯಾಕ ಸುಳ್ಳ ಹೇಳೂದು? ನಾಕ ದಿನ ಕಚ್ಚತೈತಿ, ಆಮ್ಯಾಲ ನಾಕ ವರ್ಷ ಬಿಡೂದಿಲ್ಲ’ ಎಂದು ಶುರು ಮಾಡಿದವರು ಎಂಟು ನಿಮಿಷ ನಿಲ್ಲಲಿಲ್ಲ. ಎಮ್ಮೆಯ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆಯುವುದು. ಜಾಲಿ ತೊಗಟೆ, ಅಳಲೆಕಾಯಿಯ ಕಷಾಯ ಮಾಡುವುದು. ತೊಗಲನ್ನೇ ಚೀಲದಂತೆ ಹೊಲಿದು ನೇತುಹಾಕಿ, ಕಷಾಯ ತುಂಬಿ, ಸೋರಿದ್ದನ್ನು ಮತ್ತೆ ಮೇಲಿಂದ ಹೊಯ್ಯುವುದು. ಹಾಗೆ ಹದವಾದ ತೊಗಲು ಗಟ್ಟಿ, ಅದಕ್ಕೆ ಮೊಳೆ ಬೇಡ, ತೊಗಲಿನ ದಾರದ ಹೊಲಿಗೆಯೇ ಸಾಕು. ಗಟ್ಟಿಯಾದ್ದರಿಂದಲೇ ಮೊದಲು ಕಚ್ಚುತ್ತದೆ. ರಾತ್ರಿ ಒಳಗಡೆಗೆ ಎಣ್ಣೆ ಸವರಿಡಿ, ಸಂಜೆ ಮನೆಯೊಳಗೇ ಅರ್ಧ ತಾಸು ತಿರುಗಾಡಿ, ಮಳೆಯಲ್ಲಿ ಮೆಟ್ಟಬೇಡಿ, ನೆನೆದರೆ ಬಿಸಿಲಿಗಲ್ಲ, ನೆರಳಿಗಿಡಿ. ಕೊನೆಗೆ ಹೊಸ ಜೋಡು ಮೆಟ್ಟಿ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದರು. ಆ ಕರ್ ಕರ್ ಸಪ್ಪಳವನ್ನೂ ತುಂಬಿಕೊಂಡೆ. ಯಾವ ಫೋಟೊದಲ್ಲೂ ಬಾರದ ಸರಕು ಅದು.

ಈ ಕಂತನ್ನು ನಾನು ಜಗತ್ತಿಗೆ ಹಂಚಲಿಲ್ಲ. ಪಾರ್ಸೆಲ್ ಅಂಚೆಗೆ ಹಾಕಿದ ದಿನ ಟ್ರ್ಯಾಕಿಂಗ್ ನಂಬರಿನ ಜೊತೆಗೆ ಕೊಂಡಿಯನ್ನೂ ಗಿರಾಕಿಗೆ ಕಳಿಸಿದೆ, ಇವತ್ತಿಗೂ ಕಳಿಸುತ್ತೇನೆ. ಮೊದಲು 20 ಜೋಡಿ ಹೋದರೆ 3 ವಾಪಸ್ ಬರುತ್ತಿದ್ದವು, ‘ಬಿರುಸಾಗಿದೆ’ ಎಂಬುದೇ ದೂರು. ಈಗ ಎರಡು ತಿಂಗಳಿಗೊಂದು ಬಂದರೆ ಹೆಚ್ಚು, ಅದೂ ಅಳತೆ ತಪ್ಪಿ. ಹೋಗಿಬರುವ ಅಂಚೆ ವೆಚ್ಚ ಕೈಯಿಂದ ತೆರುವ ನಮ್ಮಂಥವರಿಗೆ ಇದೇ ಲಾಭ.

ಹಾಗಾಗಿ ನನ್ನ ವಾದ ಆ ತರಬೇತಿಯವರ ಮಾತಿಗೆ ತಿರುಗಾಮುರುಗಾ. ಹೊಸ ಗಿರಾಕಿಯನ್ನು ಹಿಡಿಯಲು ಸಣ್ಣ ವ್ಯಾಪಾರಿಗೆ ಪಾಡ್‌ಕಾಸ್ಟ್ ಬೇಕಿಲ್ಲ, ಅದಕ್ಕೆ ಫೋಟೊ ಸಾಕು. ಈಗಾಗಲೇ ದುಡ್ಡು ಕೊಟ್ಟವನು ಪಾರ್ಸೆಲ್ ಬಿಚ್ಚಿದಾಗ ಮೋಸ ಹೋದೆ ಅಂದುಕೊಳ್ಳದಿರಲು ಮಾತು ಬೇಕು. ಅಂಗಡಿಗೆ ಬಂದವನನ್ನು ಕೂರಿಸಿ, ಚಹಾ ತರಿಸಿ, ಜೋಡನ್ನು ಕೈಯಲ್ಲಿ ಬಾಗಿಸಿ ತೋರಿಸುತ್ತಿದ್ದೆವು. ಅಂಗಡಿಕಟ್ಟೆಯ ಆ ಮಾತು ಆನ್‌ಲೈನಿಗೆ ಹೋಗುವಾಗ ಹಿಂದೆಯೇ ಉಳಿದುಹೋಯಿತು.

ನಮ್ಮ ಸುತ್ತಲಿನ ತಾಲೂಕುಗಳಲ್ಲಿ ಇಂಥ ಮಾತು ಬೇಕಾದ ಸರಕು ಎಷ್ಟಿದೆ! ಚಿಕ್ಕೋಡಿ, ರಾಯಬಾಗದ ಗಾಣದ ಬೆಲ್ಲ ಕಪ್ಪಗಿದ್ದರೆ ಪಟ್ಟಣದ ಗಿರಾಕಿ ಹೊಲಸೆನ್ನುತ್ತಾನೆ. ಹೊಳೆಯುವ ಹಳದಿ ಬಣ್ಣ ಹಲವು ಸಲ ಹೈಡ್ರೋಸ್ ಪುಡಿಯದು, ಬೆಂಡೆ ಗಿಡದ ಲೋಳೆಯಿಂದ ಕಸ ತೆಗೆದ ಬೆಲ್ಲ ಅಷ್ಟು ಹೊಳೆಯುವುದಿಲ್ಲ ಎಂದು ಗಾಣದವನೇ ತನ್ನ ಬಾಯಿಂದ ಹೇಳಬೇಕು. ಅಥಣಿ, ಕಾಗವಾಡದ ಕಡೆ ಒಣದ್ರಾಕ್ಷಿ ಮಾಡುವವರು ಹಣ್ಣನ್ನು ಯಾವ ದ್ರಾವಣದಲ್ಲಿ ಅದ್ದುತ್ತಾರೆ, ಷೆಡ್ಡಿನ ನೆರಳಿನಲ್ಲಿ ಎಷ್ಟು ದಿನ ಒಣಗಿಸುತ್ತಾರೆ ಎಂದು ಹೇಳಬೇಕು. ಹೇಳಲಾಗದ್ದು ಏನಾದರೂ ಮಾಡುತ್ತಿದ್ದರೆ ಪಾಡ್‌ಕಾಸ್ಟಿನ ಗೋಜಿಗೆ ಹೋಗದಿರುವುದೇ ಒಳ್ಳೆಯದು.

ಚಪ್ಪಲಿಯವರಿಗಂತೂ ಮಾತಾಡಲು ಇನ್ನೂ ದೊಡ್ಡ ಕಾರಣವಿದೆ, ಹೆಸರು. ಅಥಣಿ, ಮದಭಾವಿ, ನಿಪ್ಪಾಣಿ, ರಾಯಬಾಗದಲ್ಲಿ ಹುಟ್ಟುವ ಜೋಡಿಗೆ ಪೇಟೆಯಲ್ಲಿ ‘ಕೊಲ್ಹಾಪುರಿ’ ಎಂದು ಹೆಸರು. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಅದು ಎರಡೂ ರಾಜ್ಯಗಳಿಗೆ ಕೂಡಿಯೇ ಸಿಕ್ಕಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಕಾಗದದಲ್ಲಿ ಸಮಪಾಲು. ಗಿರಾಕಿಯ ತಲೆಯಲ್ಲಿ ಮಾತ್ರ ಅಥಣಿ ಇಲ್ಲವೇ ಇಲ್ಲ. 2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯ ಕಾಲ್ಮರಿ ಮೆಟ್ಟಿಸಿ ಮಾಡೆಲ್‌ಗಳನ್ನು ನಡೆಸಿದಾಗ, ‘ತೊಗಲಿನ ಸ್ಯಾಂಡಲ್’ ಎಂದಷ್ಟೇ ಹೇಳಿ ಸುಮ್ಮನಾಯಿತು. ಗದ್ದಲವೆದ್ದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಅದೇ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ನಮ್ಮ ಲಿಡ್‌ಕರ್ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು 2,000 ಜೋಡಿ ಮಾಡಿಸುವುದಾಗಿ, ಒಂದೊಂದನ್ನು ಸುಮಾರು 800 ಯೂರೊಗೆ ಮಾರುವುದಾಗಿ ಸಾರಿತು. ಪತ್ರಿಕೆಯಲ್ಲಿ ಇದನ್ನು ಓದಿ ಹೇಳಿದಾಗ ಮಾವ ಕೈಯಲ್ಲಿದ್ದ ರಂಪಗಿ ಕೆಳಗಿಟ್ಟು, ‘ಒಂದ್ ಕಾಲಿಂದೋ, ಎರಡೂ ಕಾಲಿಂದೋ?’ ಎಂದು ಕೇಳಿದರು.

ಪ್ರಾಡಾ ಕಂಪನಿಯನ್ನು ಬೈಯುವುದು ಸುಲಭ. ಆದರೆ ನಾವು ಮಾಡಿದ್ದೇನು? ಚಪ್ಪಲಿ ಮಾಡುವ ಹೆಣ್ಣುಮಕ್ಕಳು ತಮ್ಮದೇ ಹೆಸರಿನಲ್ಲಿ ಮಾರಬಲ್ಲರು ಎಂದು ಅಥಣಿಯ ‘ಟೋಹೋಲ್ಡ್’ ಗುಂಪಿನವರು ಎಂದೋ ತೋರಿಸಿದ್ದಾರೆ. ಸ್ವಸಹಾಯ ಸಂಘಗಳು ಸೇರಿ, ಹೊರದೇಶಕ್ಕೂ ಕಳಿಸಿದವರು ಅವರು. ಆ ದಾರಿ ಕಂಡ ಊರಿನಲ್ಲಿದ್ದೂ ನಾನು ನನ್ನ ಪುಟಕ್ಕೆ ‘ಅಸಲಿ ಕೊಲ್ಹಾಪುರಿ’ ಎಂದೇ ಹೆಸರಿಟ್ಟಿದ್ದೆ! ಈಗ ಪ್ರತಿ ಕಂತಿನ ಮೊದಲ ಮಾತೇ ‘ಇದು ಅಥಣಿ’ ಎಂಬುದು.

ಭಾಷೆಯ ವಿಷಯಕ್ಕೆ ಬರೋಣ. ಕನ್ನಡದಲ್ಲಿ ಪಾಡ್‌ಕಾಸ್ಟ್ ಹೊಸದಲ್ಲ, 2018ರಲ್ಲೇ ‘ತಲೆ-ಹರಟೆ’ ಶುರುವಾಗಿತ್ತು. ಹೊಸದು ನಮ್ಮ ಕಡೆಯ ಮಾತು. ನಾವು ಮನೆಯಲ್ಲಿ ಆಡುವ ಕನ್ನಡದಲ್ಲಿ ಮರಾಠಿ ಕಾಲು ಪಾಲಿದೆ, ಎರಡನ್ನೂ ಬೇರ್ಪಡಿಸಿ ಮಾತಾಡು ಎಂದರೆ ಅತ್ತೆ ಮೂಕರಾಗುತ್ತಾರೆ. ಬೆಂಗಳೂರಿನ ಗಿರಾಕಿಗಳಿಗೆ ಅರ್ಥವಾದೀತೇ ಎಂದು ನಾನೂ ಹೆದರಿದ್ದೆ. ಒಬ್ಬರು ಮಾತ್ರ ‘ತಾಸು’ ಅಂದರೆ ಎಷ್ಟು ಹೊತ್ತು ಎಂದು ಕೇಳಿದರು, ಹೇಳಿದೆ, ಮುಗಿಯಿತು. ನಿಪ್ಪಾಣಿಯ ನನ್ನ ಅಣ್ಣ ಇನ್ನೆರಡು ಕಂತುಗಳನ್ನು ಪೂರಾ ಮರಾಠಿಯಲ್ಲಿ ಮಾಡಿಕೊಟ್ಟ. ಗಡಿ ಗಲಾಟೆಯವರಿಗೆ ಸಿಟ್ಟು ಬಂದರೆ ಬರಲಿ, ಪುಣೆಯ ಗಿರಾಕಿಯ ಕಾಲಿಗೂ ನಮ್ಮ ಚಪ್ಪಲಿ ಬೇಕು.

ತಾಂತ್ರಿಕ ಸಂಗತಿ ಜನ ಹೆದರಿಸಿದಷ್ಟು ಕಷ್ಟವೆಂದು ನನಗೆ ಕಾಣಲಿಲ್ಲ. ಧ್ವನಿಯ ಕಡತವನ್ನು ಪುಕ್ಕಟೆ ಸೇವೆಯೊಂದಕ್ಕೆ ಏರಿಸಿದರೆ ಅದು ಆರ್‌ಎಸ್‌ಎಸ್ ಫೀಡ್ ಎಂಬ ಕೊಂಡಿ ಮಾಡಿಕೊಡುತ್ತದೆ. ಬೇರೆ ಬೇರೆ ಆ್ಯಪ್‌ಗಳು ಆ ಕೊಂಡಿ ಹಿಡಿದು ತಾವೇ ಬಂದು ಒಯ್ಯುತ್ತವೆ. ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಆ ಆ್ಯಪ್‌ಗಳನ್ನು ಕಂಡೇ ಇಲ್ಲ, ಅವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿಯನ್ನೇ ಕಳಿಸುತ್ತೇನೆ. ಮೂಲ ಕಡತ ಮಾತ್ರ ನಮ್ಮ ಬಳಿ ಇರಬೇಕು. 2024ರಲ್ಲಿ ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪನ್ನೇ ಮುಚ್ಚಿಬಿಟ್ಟಿತು. ಅಷ್ಟು ದೊಡ್ಡ ಅಂಗಡಿಯೂ ಒಂದು ದಿನ ಬಾಗಿಲು ಹಾಕುತ್ತದೆ ಎಂಬುದು ನೆನಪಿರಲಿ, ಗಿರಾಕಿಯ ಫೋನ್ ನಂಬರು ನಮ್ಮ ವಹಿಯಲ್ಲೇ ಇರಲಿ.

ನಿಜವಾದ ಕಷ್ಟ ಸದ್ದು. ಹಗಲು ಅಕ್ಕಪಕ್ಕದಲ್ಲೆಲ್ಲ ಕುಟ್ಟುವ ಸಪ್ಪಳ, ಕಬ್ಬಿನ ಹಂಗಾಮಿನಲ್ಲಿ ರಾತ್ರಿಯೆಲ್ಲ ಟ್ರ್ಯಾಕ್ಟರ್. ಕೋಣೆಯೊಳಗೆ ಮಾತು ಗುಂಯ್‌ಗುಡುತ್ತಿತ್ತು, ಮೂರು ಗೋಡೆಗೂ ಕೌದಿ ನೇತುಹಾಕಿದ ಮೇಲೆ ಅಡಗಿತು. ಸಾವಿರಾರು ರೂಪಾಯಿಯ ಫೋಮ್ ಹಾಳೆಗಿಂತ ಅಜ್ಜಿಯ ಕಾಲದ ಕೌದಿ ವಾಸಿ. ಇನ್ನು ವಾರಕ್ಕೊಂದು ಕಂತು ಎಂಬ ನಿಯಮವನ್ನು ಬಿಟ್ಟೇಬಿಟ್ಟೆ. ದೀಪಾವಳಿಗೆ ಮುಂಚೆ, ಮದುವೆಯ ದಿನಗಳಲ್ಲಿ ನಮಗೆ ಉಸಿರಾಡಲೂ ಬಿಡುವಿಲ್ಲ. ಮಳೆಗಾಲದಲ್ಲಿ ಯಾರೂ ಚಪ್ಪಲಿ ಕೊಳ್ಳುವುದಿಲ್ಲ, ತೊಗಲೂ ಒಣಗುವುದಿಲ್ಲ. ಆಗ ಕೂತು ಮಾತಾಡಿ ಇಟ್ಟುಕೊಂಡರಾಯಿತು. ತಗಡಿನ ಮೇಲೆ ಮಳೆ ಜೋರಾದರೆ ನಿಲ್ಲಿಸಿ ಚಹಾ ಕುಡಿಯುತ್ತೇವೆ. ಇದುವರೆಗೆ ಆದದ್ದು 11 ಕಂತು. ಗಾಣಕ್ಕೆ ಹಂಗಾಮು ಇರುವಂತೆ ಮಾತಿಗೂ ಇರಲಿ ಬಿಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಮಾತಾಡಿದವರಿಗೆ ದುಡ್ಡು ಕೊಡಬೇಕು. ಕ್ಯೂಬಾದ ಹವಾನಾದಲ್ಲಿ 1865ರಿಂದಲೂ ಚುಟ್ಟಾ ಕಟ್ಟುವ ಕಾರ್ಖಾನೆಗಳಲ್ಲಿ ಗಟ್ಟಿಯಾಗಿ ಓದಿ ಹೇಳಲು ಒಬ್ಬರನ್ನು ಕೂರಿಸುತ್ತಿದ್ದರು, ಪತ್ರಿಕೆ, ಕಾದಂಬರಿ ಎಲ್ಲವೂ. ಕೇರಳದ ಕಣ್ಣೂರಿನ ಬೀಡಿ ಕೆಲಸಗಾರರಲ್ಲೂ ಆ ರೂಢಿ ಇತ್ತು. ಓದುವವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿ ತುಂಬಿಕೊಡುತ್ತಿದ್ದರು. ಇದನ್ನು ಮೊದಲ ಸಲ ಓದಿದಾಗ ಅವ್ವನ ಗೂಡಿನ ರೇಡಿಯೊ ನೆನಪಾಯಿತು. ಮಾತೂ ದುಡಿಮೆಯೇ ಎಂದು ಬೀಡಿ ಕಟ್ಟುವವರಿಗೆ ಗೊತ್ತಿತ್ತು. ಇಲ್ಲಿ ಯಾರು ಯಾರೋ ಕ್ಯಾಮೆರಾ ಹಿಡಿದು ಬಂದು, ಅರ್ಧ ದಿನ ನಮ್ಮ ಕೆಲಸ ಕೆಡಿಸಿ, ಕೈಮುಗಿದು ಹೋಗುತ್ತಾರೆ. ಅತ್ತೆಗೆ ನಾನು ಕಂತಿಗೆ 300 ರೂಪಾಯಿ ಕೊಡುತ್ತೇನೆ. ಅಷ್ಟು ಹೊತ್ತಿನ ಹೆಣಿಗೆಗೆ ಸಿಗುವುದಕ್ಕಿಂತ ಅದು ಹೆಚ್ಚು. ಮೊದಲ ಸಲ ಕೊಟ್ಟಾಗ ಸೊಸೆಯಿಂದ ದುಡ್ಡೇ ಎಂದು ನಕ್ಕರು. ಮೂರನೆಯ ಸಲ ತಾವೇ ಕೇಳಿ ಪಡೆದರು.

ಕೇಳುವವರೂ ನಾನೆಣಿಸಿದವರಲ್ಲ. ಉಗಾರದ ಸಕ್ಕರೆ ಕಾರ್ಖಾನೆಯ ಮುಂದೆ ಸಾಲಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡ ಚಾಲಕರೊಬ್ಬರು ಫೋನ್ ಮಾಡಿ, ‘ಅಕ್ಕಾರ, ಆ ಅಜ್ಜಿದು ಮುಂದಿಂದ ಯಾವಾಗ ಬಿಡತೀರಿ?’ ಎಂದರು. ಚಪ್ಪಲಿ ಕೊಳ್ಳುತ್ತೀರಾ ಎಂದರೆ, ‘ಹೊಲದಾಗ ಯಾರ ಹಾಕ್ತಾರ್ರಿ’ ಎಂದು ನಕ್ಕರು. ಆ ಕರೆಯಿಂದ ಒಂದು ರೂಪಾಯಿ ಹುಟ್ಟಲಿಲ್ಲ. ತರಬೇತಿಯವರಿಗೆ ಹೇಳಿದರೆ ಇದನ್ನು ಯಾವ ಕಾಲಮ್ಮಿನಲ್ಲಿ ಹಾಕುತ್ತಾರೋ.

ನಷ್ಟವನ್ನೂ ಹೇಳಬೇಕು. ಒಂಬತ್ತನೆಯ ಕಂತಿನಲ್ಲಿ ಅತ್ತೆ ರೆಕ್ಸಿನ್ ಚಪ್ಪಲಿಯನ್ನು ಗುರುತಿಸುವುದು ಹೇಗೆ ಎಂದು ಹೇಳಿದರು. ಅಂಚು ನೋಡಿ, ಬಾಗಿಸಿ ನೋಡಿ, ಮೂಸಿ ನೋಡಿ, ಅಟ್ಟೆಯಲ್ಲಿ ಹೊಲಿಗೆ ಇದೆಯೋ ಬರೀ ಅಂಟು ಹಚ್ಚಿದ್ದಾರೋ ನೋಡಿ. ತಿಂಗಳಿಗೆ 40 ಜೋಡಿ ಒಯ್ಯುತ್ತಿದ್ದ ವ್ಯಾಪಾರಿಯೊಬ್ಬರಿಗೆ ಅದು ಹೇಗೋ ಮುಟ್ಟಿತು. ನಮ್ಮ ಅಸಲಿ ಜೋಡಿಗಳ ನಡುವೆ ಅವರು ಏನನ್ನು ಸೇರಿಸಿ ಮಾರುತ್ತಿದ್ದರೆಂದು ನಮಗೂ ಗೊತ್ತಿತ್ತು, ಸುಮ್ಮನಿದ್ದೆವು. ಆ ಕಂತು ತೆಗೆಯಿರಿ ಎಂದರು. ತೆಗೆಯಲಿಲ್ಲ. ಮರುತಿಂಗಳಿಂದ ಬರುವುದನ್ನು ಬಿಟ್ಟರು. ಆ 40 ಜೋಡಿಯಲ್ಲಿ 26ನ್ನು ಈವರೆಗೆ ನಾನೇ ಮಾರಿದ್ದೇನೆ, ಉಳಿದವು ಅಟ್ಟದ ಮೇಲಿವೆ. ಗಂಡ ದಿನಕ್ಕೊಮ್ಮೆ ತಲೆಯೆತ್ತಿ ಅಟ್ಟ ನೋಡುತ್ತಾರೆ, ಏನೂ ಅನ್ನುವುದಿಲ್ಲ. ಅತ್ತೆ ಮಾತ್ರ ಮೊನ್ನೆ ಮೈಕಿನ ಡಬ್ಬಿಯನ್ನು ತಾವೇ ತಂದು ಮುಂದಿಟ್ಟು, ‘ಹನ್ನೆರಡನೇದು ಯಾವಾಗ? ಸಾಲಿ ಹುಡುಗೂರ ಬರೂದ್ರಾಗ ಮುಗಿಸೂಣು’ ಎಂದರು.