ನಮ್ಮ ಬಾಲಿಕೆಯರೂ ಮೊಬೈಲ್ ವಿದ್ಯೆಯೂ



ಶಾಲೆಗೆ ಬರುವ ತಾಯಿತಂದೆಗಳು ಈಗ ನನ್ನ ಸಂಗಡ ಎರಡು ವಿಧವಾದ ಮಾತುಗಳನ್ನಾಡುತ್ತಾರೆ. ಕೆಲವರು, "ಟೀಚರೇ, ಮಗಳಿಗೆ ಕಂಪ್ಯೂಟರನ್ನು ಚೆನ್ನಾಗಿ ಕಲಿಸಿರಿ, ಅದಿಲ್ಲದೆ ಮುಂದೆ ಕೆಲಸ ದೊರೆಯದು" ಎನ್ನುತ್ತಾರೆ. ಬೇರೆ ಕೆಲವರು, "ಮೊಬೈಲನ್ನು ಮುಟ್ಟಬಾರದೆಂದು ನೀವೇ ಅವಳಿಗೆ ಬುದ್ಧಿ ಹೇಳಿರಿ" ಎನ್ನುತ್ತಾರೆ. ಒಮ್ಮೊಮ್ಮೆ ಈ ಎರಡು ಮಾತುಗಳೂ ಒಬ್ಬರ ಬಾಯಿಂದಲೇ ಬರುವುದುಂಟು. ಇವೆರಡೂ ಸಾಲವೆಂಬುದು ನನ್ನ ಅಭಿಪ್ರಾಯವು. ಯಂತ್ರವನ್ನು ನಡಿಸುವುದನ್ನು ಮಕ್ಕಳು ನಮಗಿಂತ ಬೇಗನೆ ಕಲಿಯುತ್ತಾರೆ. ಅದರಿಂದ ಬಂದ ಮಾತನ್ನು ತೂಗಿ ನೋಡುವ ವಿದ್ಯೆಯಾದರೋ ಕಲಿಸದೆ ಬಾರದು. ಅದನ್ನು ಕಲಿಸುವುದು ಕಂಪ್ಯೂಟರ್ ಟೀಚರೊಬ್ಬರ ಕೆಲಸವಲ್ಲ. ಭಾಷೆ, ಚರಿತ್ರೆ, ವಿಜ್ಞಾನಗಳನ್ನು ಬೋಧಿಸುವ ನಮ್ಮೆಲ್ಲರ ಕೆಲಸವಾಗಿದೆ.

ಇದನ್ನು ನಾನು ಪುಸ್ತಕದಿಂದಲ್ಲ, ನನ್ನ ತಪ್ಪಿನಿಂದಲೇ ಕಲಿತೆನು. 2018ನೆಯ ಇಸವಿಯಲ್ಲಿ ಮಕ್ಕಳ ಕಳ್ಳರ ವಿಷಯವಾದ ಒಂದು ವಿಡಿಯೋ ವಾಟ್ಸಾಪಿನಲ್ಲಿ ದೇಶದ ಉದ್ದಗಲಕ್ಕೂ ಹರಡಿತು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವುದು ಅದರಲ್ಲಿ ಕಾಣುತ್ತಿತ್ತು. ಹೆದರಿಕೆಯಿಂದಲೂ ಮಕ್ಕಳ ಮೇಲಣ ಪ್ರೀತಿಯಿಂದಲೂ ನಾನು ಅದನ್ನು ತಾಯಂದಿರ ಗ್ರೂಪಿಗೆ ಕಳುಹಿಸಿದೆನು. ಅದು ಮಕ್ಕಳ ರಕ್ಷಣೆಯ ಕುರಿತು ಕರಾಚಿ ನಗರದಲ್ಲಿ ತಯಾರಾದ ಎಚ್ಚರಿಕೆಯ ಚಿತ್ರವೆಂದೂ, ಮಗುವನ್ನು ಹಿಂದಕ್ಕೆ ತಂದು ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರೆಂದೂ ಆಮೇಲೆ ತಿಳಿಯಿತು. ಇಂಥ ಸುದ್ದಿಗಳನ್ನು ನಂಬಿದ ಜನರು ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿಯೂ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿಯೂ ನಿರಪರಾಧಿಗಳನ್ನು ಹೊಡೆದು ಕೊಂದರು. ಮುರ್ಕಿಯಲ್ಲಿ ಮಡಿದವನು ಹೈದರಾಬಾದಿನ ಒಬ್ಬ ಇಂಜಿನಿಯರು. ಅವನ ಜತೆಯವರು ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಸಂಶಯಕ್ಕೆ ಕಾರಣವಾಯಿತು. ನಾನು ಕಳುಹಿಸಿದ್ದು ನನ್ನ ಕೈಯಿಂದ ಎಲ್ಲಿಯ ತನಕ ಹೋಯಿತೋ ನಾನರಿಯೆನು. ತರಬೇತಿ ಹೊಂದಿದ ಉಪಾಧ್ಯಾಯಿನಿಯಾದ ನಾನೇ ಒಂದು ಪ್ರಶ್ನೆಯನ್ನೂ ಕೇಳದೆ ನಂಬಿದ ಮೇಲೆ, ಹದಿಮೂರು ವರ್ಷದ ಬಾಲಿಕೆಯನ್ನು ಹೇಗೆ ದೂರುವುದು?

1843ನೆಯ ಜುಲೈ 1ರಂದು ಬಾಸೆಲ್ ಮಿಷನಿನ ಹೆರ್ಮನ್ ಮೋಗ್ಲಿಂಗರು "ಮಂಗಳೂರ ಸಮಾಚಾರ"ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದಾಗ, ಹೇಳುವವರು ಯಾರು, ಯಾವ ಊರಿನವರು, ಯಾವ ದಿವಸ ಹೇಳಿದರು ಎಂಬುದು ಓದುವವರಿಗೆ ಗೊತ್ತಿತ್ತು. ತಪ್ಪು ಕಂಡರೆ ಹೋಗಿ ಕೇಳಲು ಒಬ್ಬರಿದ್ದರು. ಈಗ ಕೈಯಿಂದ ಕೈಗೆ ಬರುವ ಸಂದೇಶಕ್ಕೆ ಹೆಸರಿಲ್ಲ, ಊರಿಲ್ಲ, ತಾರೀಖಿಲ್ಲ. ಹಿಂದೆ ಪತ್ರಿಕೆಯವರು ಮಾಡುತ್ತಿದ್ದ ಪರಿಶೋಧನೆಯ ಕೆಲಸವು ಈಗ ಓದುವವಳ ಮೇಲೆಯೇ ಬಿದ್ದಿದೆ.

ಆದುದರಿಂದ ನಮ್ಮ ಎಂಟನೆಯ ತರಗತಿಯಲ್ಲಿ ವಾರಕ್ಕೆ ಒಂದು ಪೀರಿಯಡನ್ನು ಇದಕ್ಕಾಗಿ ಇಟ್ಟಿದ್ದೇವೆ. ಹುಡುಗಿಯರು ಮನೆಗೆ ಬಂದ ಒಂದು ಸಂದೇಶವನ್ನು ಬರೆದು ತರುತ್ತಾರೆ. ಯಾರು ಹೇಳಿದರು? ಯಾವಾಗ ಹೇಳಿದರು? ಅವರಿಗೆ ಹೇಗೆ ಗೊತ್ತಾಯಿತು? ನಾವು ನಂಬಿದರೆ ಯಾರಿಗೆ ಲಾಭ? ಈ ನಾಲ್ಕು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದು ಒಂದೊಂದಾಗಿ ವಿಚಾರಿಸುತ್ತೇವೆ. ಚಿತ್ರವಾದರೆ ಗೂಗಲ್ ಲೆನ್ಸಿನಲ್ಲಿ ಹಾಕಿ, ಅದು ಮುಂಚೆ ಎಲ್ಲಿಯಾದರೂ ಬಂದಿತ್ತೋ ಎಂದು ಹುಡುಕುತ್ತೇವೆ. ನಿನ್ನೆಯ ನೆರೆಯ ಚಿತ್ರವೆಂದು ಬಂದದ್ದು ಅನೇಕ ವರ್ಷ ಹಳೆಯದೆಂದು ಒಬ್ಬ ಹುಡುಗಿ ಕಂಡುಹಿಡಿದ ದಿವಸ ತರಗತಿಯಲ್ಲಿ ಹಬ್ಬದ ಸಂತೋಷವಿತ್ತು. ಕೃತಕ ಬುದ್ಧಿಮತ್ತೆಯು ಮನುಷ್ಯರ ಮುಖವನ್ನೂ ಸ್ವರವನ್ನೂ ಅನುಕರಿಸುವ ಈ ಕಾಲದಲ್ಲಿ ಕಣ್ಣಾರೆ ಕಂಡದ್ದೂ ಸಾಕ್ಷಿಯಾಗಲಾರದು. ನೆರೆಯ ಕೇರಳದ ಕಣ್ಣೂರು ಜಿಲ್ಲೆಯ ಸರಕಾರಿ ಶಾಲೆಗಳಲ್ಲಿ 2018ರಲ್ಲಿಯೇ ಇಂಥ ಪಾಠಗಳನ್ನು ನಡಿಸಿದರು; ನಾವು ತಡವಾಗಿ ಆರಂಭಿಸಿದೆವು.

"ಹೀಗೆ ಕಲಿಸಿದರೆ ಮಕ್ಕಳು ಹಿರಿಯರ ಮಾತನ್ನೂ ಪ್ರಶ್ನಿಸುವರಲ್ಲಾ" ಎಂದು ಒಬ್ಬ ತಂದೆಯವರು ಆಕ್ಷೇಪಿಸಿದರು. ಬೆರೋಯ ಪಟ್ಟಣದವರು ಅಪೊಸ್ತಲನಾದ ಪೌಲನ ಬೋಧನೆಯನ್ನು ಸಹ ದಿನಾಲು ಶಾಸ್ತ್ರದೊಂದಿಗೆ ಹೋಲಿಸಿ ನೋಡಿದರು. ಅದಕ್ಕಾಗಿ ಅವರಿಗೆ ನಿಂದೆಯಲ್ಲ, ಪ್ರಶಂಸೆಯೇ ದೊರಕಿತು. ವಿನಯದಿಂದ ಕೇಳಿದ ಪ್ರಶ್ನೆಯು ಅವಿಧೇಯತೆಯಲ್ಲ.

ಇನ್ನು ಪೋಷಕರೊಡನೆ ಒಂದು ಕಠಿಣವಾದ ಮಾತನ್ನು ಆಡಬೇಕಾಗಿದೆ, ಕ್ಷಮಿಸಿರಿ. 2020ರಲ್ಲಿ ಶಾಲೆಗಳು ಮುಚ್ಚಿದಾಗ, ಎಷ್ಟೋ ಮನೆಗಳಲ್ಲಿ ಇದ್ದ ಒಂದೇ ಮೊಬೈಲು ಅಣ್ಣನ ಪಾಠಕ್ಕೆ ಹೋಯಿತು. ತಂಗಿಯು ಅಡಿಗೆಮನೆಗೆ ಹೋದಳು. ಈಗಲೂ ಕೆಡುಕಾದೀತೆಂದು ಮೊದಲು ಕಿತ್ತುಕೊಳ್ಳುವುದು ಮಗಳ ಕೈಯಿಂದಲೇ. ನಮ್ಮ ಒಬ್ಬ ಹುಡುಗಿಯ ಭಾವಚಿತ್ರವನ್ನು ಯಾರೋ ತಿದ್ದಿ ಕೆಟ್ಟದಾಗಿ ಮಾಡಿ ಅವಳನ್ನು ಬೆದರಿಸಿದರು. ಅವಳು ಮೂರು ವಾರಗಳ ತನಕ ಯಾರಿಗೂ ಹೇಳಲಿಲ್ಲ. ಕಾರಣವೇನೆಂದು ಕೇಳಿದ್ದಕ್ಕೆ, "ಹೇಳಿದರೆ ಶಾಲೆಯನ್ನೇ ಬಿಡಿಸುತ್ತಾರೆ, ಟೀಚರ್" ಎಂದಳು. ಬೆದರಿಸಿದವನಿಗಿಂತ ಮನೆಯವರ ಭಯವೇ ಅವಳಿಗೆ ಹೆಚ್ಚಾಗಿತ್ತು. ಅವಳ ತಾಯಿಯವರು ಬೈಯದೆ ಅವಳೊಡನೆ ಪೊಲೀಸ್ ಠಾಣೆಗೆ ಬಂದದ್ದರಿಂದ ಆ ಮಗು ಈ ವರ್ಷವೂ ನಮ್ಮ ಶಾಲೆಯಲ್ಲಿ ಓದುತ್ತಿದೆ.

ಆದುದರಿಂದ ನಿಮ್ಮ ಮಗಳು ತೊಂದರೆಯೊಂದನ್ನು ಹೇಳಿಕೊಂಡು ಬಂದರೆ, ಮೊಬೈಲನ್ನು ಕಿತ್ತುಕೊಳ್ಳುವುದಕ್ಕೆ ಮುಂಚೆ ಅವಳ ಮಾತನ್ನು ಪೂರ್ತಿಯಾಗಿ ಕೇಳಿರಿ. ಬಂದ ಸಂದೇಶಗಳನ್ನು ಅಳಿಸದೆ ಇಡಿರಿ; ಅವೇ ಸಾಕ್ಷಿ. ಸೈಬರ್ ಅಪರಾಧದ ದೂರಿಗೆ 1930, ಮಕ್ಕಳ ಸಹಾಯಕ್ಕೆ 1098 ಎಂಬ ಸಂಖ್ಯೆಗಳನ್ನು ಮನೆಯ ಗೋಡೆಯ ಮೇಲೆ ಬರೆದಿಡಿರಿ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಬ್ಯಾಂಕು, ಆಸ್ಪತ್ರೆ, ಪತ್ರಿಕೆ, ಕಂಪ್ಯೂಟರ್ ಕಂಪೆನಿಗಳಲ್ಲಿ ಕೆಲಸ ಮಾಡುವವರು ಅನೇಕರಿದ್ದೀರಿ. ವರ್ಷಕ್ಕೆ ಒಂದು ಸಾರಿ ಬಂದು, ನಿಮ್ಮ ಕೆಲಸದಲ್ಲಿ ಸುಳ್ಳನ್ನು ಹೇಗೆ ಗುರುತಿಸುತ್ತೀರೆಂದು ಈ ತಂಗಿಯರಿಗೆ ಹೇಳಿರಿ. ಕಟ್ಟಡಕ್ಕೆ ನೀವು ಕೊಟ್ಟ ಸಹಾಯಕ್ಕಿಂತಲೂ ಅದು ದೊಡ್ಡದಾಗುವುದು. ಸತ್ಯವನ್ನು ಹುಡುಕುವ ಬುದ್ಧಿಯನ್ನೂ ಅದನ್ನು ಹೇಳುವ ಧೈರ್ಯವನ್ನೂ ದೇವರು ನಮ್ಮ ಬಾಲಿಕೆಯರಿಗೆ ಅನುಗ್ರಹಿಸಲಿ.

— ಮುಖ್ಯೋಪಾಧ್ಯಾಯಿನಿ